ಹಾವೇರಿ ಜಿಲ್ಲೆಯಲ್ಲಿ ಕುಣಿಯುವ ಜಾಗಗಳು

ರಾಣೆಬೆನ್ನೂರು
ಏಪ್ರಿಲ್ 9, ಬುಧವಾರ

ಪ್ರೀತಿಯ ಸುಚಿತ್ರಾ,

"ನಿಮ್ಮಪ್ಪ ಕುಣಿಯೋ ಜಾಗಾ ಈ ಜಿಲ್ಲಾದಾಗ ಇನ್ನೂ ಕಟ್ಟಿಲ್ಲ" ಎಂದು ಮಗಳಿಗೆ ಹೇಳಿದೆಯಲ್ಲ, ಇಲ್ಲವೇ ಅಂಥದ್ದೇ ಏನೋ. ಮಾತು ಹೆಚ್ಚುಕಡಿಮೆ ನೆನಪಿದೆ, ಅಂದ ಬಗೆ ನೆನಪಿಲ್ಲ. ನಕ್ಕೆಯೋ, ಮುಖ ಆ ಕಡೆ ಮಾಡಿಕೊಂಡೆಯೋ? ನೀನು ಯಾದಗಿರಿಗೆ ಹೋಗುವ ಬಸ್ಸಿನ ಕಿಟಕಿಯೊಳಗಿದ್ದೆ. ಕೆಳಗೆ ನಿಂತ ಅರುಣಾ, ತನ್ನ ಮದುವೆಯ ಹಿಂದಿನ ಸಂಜೆ ಅಪ್ಪ ಅವ್ವ ಇಬ್ಬರೂ ಜೋಡಿಯಾಗಿ ಒಂದು ಹಾಡಿಗೆ ಕುಣಿಯಲೇಬೇಕೆಂದು ಹಟ ಹಿಡಿದಿದ್ದಳು. "ದುರುಗೇಶನ ಮನಿಯವ್ರು ಎಲ್ಲಾರೂ ಕುಣಿಯೋರು. ಅವನ ಆಯಿ ಸೈತ ಕುಣೀತಾಳ. ನಮ್ಮ ಕಡೆಯಿಂದ ಯಾರು, ಹೂವಿನ ಕುಂಡಾ?" ಎಂದಳು. ನೀನು ಹೇಳಿದೆ: "ಮೊದಲ ನಿಮ್ಮಪ್ಪ ಕುಣೀಲಿ. ಆಮ್ಯಾಲೆ ನಾನೂ ವಿಚಾರ ಮಾಡ್ತೇನಿ." ಅದರ ಹಿಂದೆಯೇ ಜಿಲ್ಲೆಯ ಮಾತು. ಬಸ್ಸು ಹೊರಟಿತು.

ಅದಾಗಿ ಆರು ವಾರ. ಕಾಗದ ತಡವಾಯಿತು, ಬೈಯಬೇಡ. ನೀನು ಅಲ್ಲಿನ ಆಸ್ಪತ್ರೆಗೆ ವರ್ಗವಾಗಿ ಹೋದ ಈ ಒಂದೂವರೆ ವರ್ಷದಲ್ಲಿ ನಾವು ದಿನಾ ಫೋನಿನಲ್ಲಿ ಮಾತಾಡಿದ್ದೇವೆ, ನಿಜ. ಆದರೆ ಫೋನಿನಲ್ಲಿ ನನ್ನಿಂದ "ಹೂಂ" ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಬರೆಯಲು ಕೂತರೆ ನನಗೇ ಆಶ್ಚರ್ಯವಾಗುವಷ್ಟು ಮಾತು ಬರುತ್ತದೆ. ಈ ಆರು ವಾರ ನಾನು ಜಿಲ್ಲೆಯನ್ನು ಹುಡುಕುತ್ತಿದ್ದೆ. ಇದು ಅದರ ವರದಿ ಎಂದುಕೋ.

ಮೂವತ್ತು ವರ್ಷ ಮದುವೆ ವಿಡಿಯೊ ತೆಗೆದವನಿಗೆ ಕುಣಿಯುವ ಜಾಗ ಗೊತ್ತಿಲ್ಲವೇ ಎನ್ನುತ್ತೀ. ಗೊತ್ತು. ಇಲ್ಲಿ, ಹಾವೇರಿಯಲ್ಲಿ, ಬ್ಯಾಡಗಿಯಲ್ಲಿ ಯಾವ ಓಣಿಗೆ ಬಂದಾಗ ಮೆರವಣಿಗೆ ನಿಧಾನವಾಗುತ್ತದೆ, ಯಾವ ತಿರುವಿನಲ್ಲಿ ಬ್ಯಾಂಡಿನವರು ಹಾಡು ಬದಲಿಸುತ್ತಾರೆ, ಯಾವ ಕಲ್ಯಾಣ ಮಂಟಪದ ಅಂಗಳದಲ್ಲಿ ವರನ ಗೆಳೆಯರಿಗೆ ಕೈ ಚಾಚಲು ಜಾಗ ಸಾಲದು, ಎಲ್ಲ ಗೊತ್ತು. ಆದರೆ ಅಲ್ಲೆಲ್ಲ ನಾನು ಕುಣಿಯುವವರ ಎದುರಿಗೆ, ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು, ಹಿಮ್ಮುಖವಾಗಿ ನಡೆದವನು. ಅದನ್ನು ಕೆಳಗಿಟ್ಟು ಒಂದು ಹೆಜ್ಜೆ ಹಾಕಿದರೂ ಸಾಕು, "ಸ್ಟುಡಿಯೊ ಚನ್ನೇಶಪ್ಪಗ ಏನೋ ಆಗೇತಿ, ಮನಿಗೆ ಫೋನ್ ಹಚ್ಚರಿ" ಎನ್ನುತ್ತಾರೆ. ಹಾಗಾಗಿ ಬೀದಿ ಬೇಡವೆಂದು ಗೋಡೆ ಇರುವ ಜಾಗ ಹುಡುಕಿದೆ.

ಮೊದಲನೆಯದು ನಮ್ಮೂರಿನಲ್ಲೇ. ಬೀಜದ ಅಂಗಡಿಗಳ ಸಾಲಿನಲ್ಲಿ, ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ ತೌಸಿಫ್ ಎಂಬ ತರುಣ ಡಾನ್ಸ್ ಕ್ಲಾಸ್ ನಡೆಸುತ್ತಾನೆ. ಕೆಳಗೆ ಹೈಬ್ರಿಡ್ ಹತ್ತಿ, ಮೆಕ್ಕೆಜೋಳ. ಮೇಲೆ ಕನ್ನಡಿ ಮತ್ತು ಸ್ಪೀಕರ್. ನಾನು ಬಾಗಿಲಲ್ಲಿ ನಿಂತದ್ದೇ, "ಬರ್ರಿ ಸರ, ಮೊಮ್ಮಗಳನ್ನ ಬಿಡಾಕ ಬಂದೀರೇನ್ರಿ?" ಎಂದ. ಮಗಳು ಎಂದಿದ್ದರೂ ಸಹಿಸಬಹುದಿತ್ತು. ನಾನೇ ಕಲಿಯಬೇಕು ಎಂದಾಗ ಅವನು ನಗಲಿಲ್ಲ, ಅದು ಅವನ ದೊಡ್ಡತನ. ಬೆಳಿಗ್ಗೆಯ ಕ್ಲಾಸು ಹೆಣ್ಣುಮಕ್ಕಳದ್ದು, ಅಲ್ಲಿಗೆ ಸೇರಿಸುವಂತಿಲ್ಲ. ಸಂಜೆಯದ್ದು ಮಕ್ಕಳದ್ದು, ಹಿಂದಿನ ಸಾಲಿನಲ್ಲಿ ನಿಲ್ಲುತ್ತೀರಾ ಎಂದು ಕೇಳಿದ. ನಿಂತೆ. ನನ್ನ ಸೊಂಟದೆತ್ತರದ ಹನ್ನೆರಡು ಜನರ ಹಿಂದೆ.

ಅಲ್ಲೊಂದು ತೊಂದರೆ ಗೊತ್ತಾಯಿತು. ಯಾರಾದರೂ ಕುಣಿಯುತ್ತ ನನ್ನ ಕಡೆ ಬಂದರೆ ನನ್ನ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತದೆ. ತೌಸಿಫ್ ಎಂಟರವರೆಗೆ ಎಣಿಸುವಷ್ಟರಲ್ಲಿ ಮಕ್ಕಳೆಲ್ಲ ಮೂರು ಹೆಜ್ಜೆ ಮುಂದೆ, ನಾನು ಹಿಂದಿನ ಗೋಡೆಗೆ ಆತುಕೊಂಡು ನಿಂತಿರುತ್ತಿದ್ದೆ. ಕೈಯೂ ಅಷ್ಟೆ, ಬಲಗೈ ಹೆಗಲಿನ ಹತ್ತಿರ ಹೋಗಿ ಇಲ್ಲದ ಕ್ಯಾಮೆರಾ ಹಿಡಿಯುತ್ತಿತ್ತು.

"ಸರ, ನೀವ್ಯಾಕ ನಮ್ಮನ್ನ ಬಿಟ್ಟ ಹೊಂಟೀರಿ?" ಎಂದ ತೌಸಿಫ್.

"ಎಲ್ಲಾರೂ ಕಾಣಬೇಕಲ್ಲಪಾ" ಎಂದೆ.

"ಅವ್ರು ಕಾಣೋದು ಬ್ಯಾಡ್ರಿ ಸರ. ನೀವು ಕಾಣ್ರಿ."

ಅವನು ಪಾಠದ ಭಾಗವಾಗಿ ಹೇಳಿದ ಮಾತು. ನಾನು ಮೂರು ದಿನ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಮತ್ತೆರಡು ಸಲ ಹೋದೆ, ಎರಡು ಸಲವೂ ಅದೇ ಗೋಡೆ.

ಎರಡನೆಯ ಜಾಗ ಹಾವೇರಿ. ಹೆದ್ದಾರಿಯ ಕಡೆ ಹೊಸದಾಗಿ ಆದ ಒಂದು ಹೋಟೆಲ್ಲಿನಲ್ಲಿ ಬಣ್ಣದ ಗಾಜಿನ ನೆಲದ ಹಾಲ್ ಇದೆ, ಕಾಲಿಟ್ಟಲ್ಲಿ ದೀಪ ಹತ್ತುತ್ತದೆ ಎಂದು ಕೇಳಿದ್ದೆ. ಹಿಂದೊಮ್ಮೆ ಅವರ ಫೋಟೊ ತೆಗೆದುಕೊಟ್ಟ ಸಲಿಗೆಯಿಂದ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಕೇಳಿಕೊಂಡೆ. ವಾಚ್‌ಮನ್ ಗುಡದಪ್ಪ ಬಾಗಿಲು ತೆಗೆದ, ಅರವತ್ತರ ಆಸುಪಾಸಿನವನು. ಸ್ವಿಚ್ಚು ಒತ್ತಿದ. ನೆಲ ನಿಜವಾಗಿಯೂ ಹತ್ತಿತು. ಕೆಂಪು, ಹಸಿರು, ನೀಲಿ. ಇಷ್ಟು ದೊಡ್ಡ ಹಾಲಿನಲ್ಲಿ ನಾನು ಮತ್ತು ಗುಡದಪ್ಪ. ಯಾರು ಬರುತ್ತಾರೆ ಇಲ್ಲಿ ಎಂದು ಕೇಳಿದೆ. "ಸಣ್ಣ ಹುಡುಗರ ಬರ್ತ್‌ಡೇ ಆಗ್ತಾವ್ರಿ. ಹುಡುಗರು ದೀಪಾ ಹಿಡಿಯಾಕ ಓಡ್ತಾವು, ದೊಡ್ಡವ್ರು ಕುರ್ಚಿ ಮ್ಯಾಲೆ ಕುಂತು ಕೇಕ್ ತಿಂತಾರ. ಕುಣಿಯೋರು ಯಾರೂ ಇಲ್ರಿ."

ಹಾಡು ಹಾಕಿದ. ನಾನು ನೀಲಿ ಚೌಕದ ಮೇಲೆ ನಿಂತೇ ಇದ್ದೆ. ಅವನಿಗೆ ನನ್ನ ಸಂಕಟ ಅರ್ಥವಾಯಿತು. "ಕುಣೀರಿ ಸಾಹೇಬ್ರ, ನಾ ಆ ಕಡೆ ಮುಖಾ ಮಾಡ್ತೇನಿ" ಎಂದು ಗೋಡೆಯತ್ತ ತಿರುಗಿ ನಿಂತ. ನಾನು ಕುಣಿಯಲಿಲ್ಲ. ಆದರೆ ಎರಡನೇ ಚರಣ ಬರುವಷ್ಟರಲ್ಲಿ ಗುಡದಪ್ಪನ ಬೆನ್ನು ಅಲುಗಿತು. ಆಮೇಲೆ ಭುಜ, ಆಮೇಲೆ ಕೈಯ ಲಾಠಿ. ಗೋಡೆಯನ್ನು ನೋಡುತ್ತಲೇ ಆ ಮನುಷ್ಯ ಹಾಡು ಮುಗಿಯುವವರೆಗೆ ಕುಣಿದ, ಕಾಲ ಕೆಳಗೆ ಹಸಿರು ಕೆಂಪಾಗುತ್ತಿತ್ತು. ಹಾಡು ನಿಂತ ಮೇಲೆ ತಿರುಗಿ, "ಚಲೋ ಕುಣದ್ರಿ ಬಿಡ್ರಿ" ಎಂದ ನನಗೆ. ಹೌದು ಎಂದೆ. ಇಬ್ಬರೂ ಚಹಾ ಕುಡಿದೆವು.

ನೀನು ಈಗ ನಗುತ್ತಿದ್ದೀ ಎಂದುಕೊಳ್ಳುತ್ತೇನೆ. ನಗು. ಅದಕ್ಕೇ ಬರೆಯುತ್ತಿದ್ದೇನೆ.

ಮೂರನೆಯದನ್ನು ನಾನು ಹುಡುಕಲಿಲ್ಲ. ಬ್ಯಾಡಗಿಯ ಒಬ್ಬ ವ್ಯಾಪಾರಿ ತನ್ನ ಮೆಣಸಿನಕಾಯಿ ಶೆಡ್ಡಿನ ಸಣ್ಣ ವಿಡಿಯೊ ಬೇಕೆಂದು ಕರೆಸಿದ್ದ. ಮೂವತ್ತು ಹೆಣ್ಣುಮಕ್ಕಳು ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು, ಕೆಂಪು ರಾಶಿಗಳ ನಡುವೆ ಕೂತು ತೊಟ್ಟು ಬಿಡಿಸುತ್ತಿದ್ದರು. ಒಳಗೆ ಕಾಲಿಟ್ಟ ಎರಡು ನಿಮಿಷಕ್ಕೆ ನನ್ನ ಕಣ್ಣಲ್ಲಿ ನೀರು. ಅವರೆಲ್ಲರ ಮೇಲ್ವಿಚಾರಣೆ ಜೈತೂನಬಿ ಎಂಬ ಹಿರಿಯಾಕೆಯದು. ಒಂದು ಗಂಟೆಗೆ ರೊಟ್ಟಿ ಬಿಚ್ಚಿದರು. ರೊಟ್ಟಿ ಮುಗಿದದ್ದೇ ತಡ, ಯಾರೋ ತಗಡಿನ ಬುಟ್ಟಿಯೊಳಗೆ ಫೋನು ಇಟ್ಟು ಹಾಡು ಹಚ್ಚಿದರು. ಬುಟ್ಟಿಯೇ ಸ್ಪೀಕರ್. ಏಳೆಂಟು ಜನ ಎದ್ದರು.

ಅವರ ಕುಣಿತ ನಾನು ಮೂವತ್ತು ವರ್ಷದಲ್ಲಿ ನೋಡಿದ ಯಾವುದರ ಹಾಗೂ ಇರಲಿಲ್ಲ. ಸೊಂಟ, ಕೈ, ಕತ್ತು ಎಲ್ಲ ಆಡುತ್ತವೆ, ಪಾದ ಮಾತ್ರ ನೆಲ ಬಿಟ್ಟು ಮೇಲೇಳುವುದಿಲ್ಲ. ಎಣ್ಣೆಯ ಮೇಲೆ ಸರಿದ ಹಾಗೆ ಸರಿಯುತ್ತದೆ. ನಾನು ಕ್ಯಾಮೆರಾ ಎತ್ತಿದೆ.

"ಅದನ್ನ ಇಡ್ರಿ ಕೆಳಗ" ಎಂದಳು ಜೈತೂನಬಿ. "ದುಡಿಯೋದು ತೆಗೀರಿ, ಕುಣಿಯೋದು ತೆಗೀಬ್ಯಾಡ್ರಿ. ನಮ್ಮ ಮನ್ಯಾಗೂ ಜನಾ ಅದಾರ."

ಇಟ್ಟೆ.

"ಇಟ್ಟು ಏನ್ ನೋಡ್ತೀರಿ? ನೋಡೋರು ಇಲ್ಲಿ ನಿಲ್ಲೂವಂಗಿಲ್ಲ. ಒಂದು ಕುಣೀಬೇಕು, ಇಲ್ಲಾ ಹೊರಗ ಹೋಗಬೇಕು."

ಹೊರಗೆ ಮಾರ್ಚಿನ ಬಿಸಿಲು. ಕುಣಿದೆ. ತೌಸಿಫ್ ಕಲಿಸಿದ್ದು ಅದೊಂದೇ ನೆನಪಿತ್ತು, ಬಲಗಾಲು ಎತ್ತಿ ನೆಲಕ್ಕೆ ಬಡಿಯುವುದು. ಬಡಿದೆ. ನನ್ನ ಕಾಲ ಕೆಳಗಿನಿಂದ ಕೆಂಪು ಧೂಳು ಮೋಡದ ಹಾಗೆ ಎದ್ದಿತು. ಮೊದಲು ನಾನು ಸೀನಿದೆ. ಆಮೇಲೆ ಮುಂದಿನ ಸಾಲು, ಆಮೇಲೆ ಇಡೀ ಶೆಡ್ಡು. ಮೂವತ್ತು ಜನ ಕೆಮ್ಮುತ್ತ, ಸೀನುತ್ತ, ನಗುತ್ತ, ನನ್ನ ವಂಶವನ್ನೆಲ್ಲ ನೆನೆಯುತ್ತ ಹೊರಗೋಡಿದರು.

"ಯಾವೂರ್‌ರಿ ನಿಮ್ಮದು?" ಜೈತೂನಬಿ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಹುಟ್ಟಿದ್ದು ಐರಣಿ. ಈಗ ರಾಣೆಬೆನ್ನೂರ."

"ಅದಕ್ಕ. ಹೊಳೀ ದಂಡಿ ಮಂದಿ, ಹಸೀ ನೆಲಾ ಒದ್ದು ರೂಢಿ. ಇದು ಖಾರದ ನೆಲಾರೀ ಯಪ್ಪಾ, ಒದೀಬಾರದು. ಕಾಲು ಸರಸಬೇಕು. ಒಬ್ಬರು ಒದ್ರ ಎಲ್ಲಾರೂ ಕೆಮ್ಮಬೇಕು."

ಹಾಗೆ ಕಲಿಸಿದಳು. ಅಂಗಾಲು ಎತ್ತದೆ, ಹಿಮ್ಮಡಿಯಿಂದ ಸರಿಸಿ, ತೂಕವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಕೊಡುವುದು. ಹಿಂದಕ್ಕೆ ಹೋಗುವ ಪ್ರಶ್ನೆಯೇ ಇಲ್ಲ, ಹಿಂದೆ ಕಾಯಿಯ ರಾಶಿ. ಅಂದಿನಿಂದ ನಾಲ್ಕು ಸಲ ಹೋಗಿದ್ದೇನೆ, ವಿಡಿಯೊದ ಕೆಲಸ ಎಂದೋ ಮುಗಿದಿದೆ. ಅವರೀಗ ನನ್ನನ್ನು "ಸೀನಪ್ಪ" ಎಂದು ಕರೆಯುತ್ತಾರೆ. ನನಗೆ ಬರುತ್ತದೆ, ಸುಚಿತ್ರಾ. ಚೆನ್ನಾಗಿ ಬರುತ್ತದೆ ಎನ್ನಲಾರೆ. ಆದರೆ ಹಾಡು ನಡೆಯುವಾಗ ಒಂದಷ್ಟು ಹೊತ್ತು ನನ್ನನ್ನು ನಾನೇ ದೂರದಿಂದ ನೋಡುತ್ತಿರುವುದಿಲ್ಲ. ಅಷ್ಟು ವರ್ಷ ನೋಡುತ್ತಿದ್ದೆ ಎಂದು ಅದು ನಿಂತ ಮೇಲೆ ತಿಳಿಯಿತು. ಹೇಗೆ ಹೇಳಲಿ, ಫ್ಯಾನು ನಿಂತಾಗಲೇ ಅದರ ಸದ್ದಿತ್ತು ಎಂದು ಗೊತ್ತಾಗುತ್ತದಲ್ಲ, ಹಾಗೆ.

ಮೊನ್ನೆ ಸ್ಟುಡಿಯೊದ ಪರದೆಯ ಮುಂದೆ ಒಬ್ಬನೇ ಹೆಜ್ಜೆ ಸರಿಸುತ್ತಿದ್ದೆ. ಅರುಣಾ ಒಳಗೆ ಬಂದಳು. "ಅಪ್ಪಾ, ನೆಲಾ ಯಾಕ ಒರಸಾಕತ್ತೀ, ಕೆಲಸದಾಕಿ ಬಂದಿಲ್ಲೇನು?" ಎಂದಳು. ಹೇಳಿದೆ. ಕೂತು ಅತ್ತಳು, ನಕ್ಕಳು, ಆಮೇಲೆ ತಾನೂ ಪಕ್ಕದಲ್ಲಿ ನಿಂತು ಕಲಿತಳು. ಹೊಸರಿತ್ತಿಯ ಬೀಗರ ಮನೆಗೆ ಫೋನ್ ಮಾಡಿ, "ನಮ್ಮ ಕಡೆಯಿಂದ ಹೂವಿನ ಕುಂಡಾ ಕುಣೀತೈತಿ" ಎಂದು ದುರುಗೇಶನಿಗೆ ಹೇಳಿದ್ದಾಳೆ. ಅವಳ ಸೀರೆಗಳು ಬಂದವು. ನಿನ್ನದನ್ನು ನೀನೇ ನೋಡಿ ಆರಿಸಬೇಕಂತೆ, ಹಾಗಾಗಿ ಮದುವೆಗೆ ನಾಲ್ಕು ದಿನ ಮೊದಲೇ ರಜೆ ಹಾಕಿ ಬಾ. ಹಾವೇರಿಯ ಆರಿಫ್‌ಗೆ ಕ್ಯಾಮೆರಾ ಒಪ್ಪಿಸಿದ್ದೇನೆ, ಒಳ್ಳೆಯ ಕೈ ಅವನದು. ಮೂವತ್ತು ವರ್ಷದಲ್ಲಿ ಖಾಲಿ ಕೈಯಲ್ಲಿ ನಾನು ಹೋಗುವ ಮೊದಲ ಮದುವೆ ಇದು.

ನನ್ನ ಪಾಲಿನದು ನಾನು ಮಾಡಿದೆ, ಇನ್ನು ನೀನು ವಿಚಾರ ಮಾಡುವ ಸರದಿ ಎಂದು ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ಕಳೆದ ವಾರ ಜೈತೂನಬಿ ಕೇಳಿದಳು, "ನಿಮ್ಮ ಮನಿಯವ್ರಿಗೆ ಕುಣಿಯಾಕ ಬರತೈತೇನ್ರಿ?" ಬಹಳ ಚೆನ್ನಾಗಿ ಬರುತ್ತಿತ್ತು ಎಂದೆ. "ಮತ್ತ ಯಾಕ ಬಿಟ್ರು?" ಎಂದಳು. ನನಗೆ ಸೀನು ಬಂದಂತಾಯಿತು, ಹೊರಗೆ ಹೋದೆ.

ಅಲ್ಲಿ ಬಿಸಿಲು ಹೆಚ್ಚೆಂದು ಕೇಳಿದೆ. ಡ್ಯೂಟಿಯಿಂದ ಬಂದದ್ದೇ ತಣ್ಣೀರು ಕುಡಿಯಬೇಡ. ಯಾದಗಿರಿಯ ರೋಗಿಗಳೆಲ್ಲ ಬೇಗ ಗುಣವಾಗಲಿ, ನಿನಗೆ ರಜೆ ಸಿಗಲಿ, ನಿನ್ನ ಕಾಲಿಗೆ ನೋವು ಬಾರದಿರಲಿ.

ಇತಿ ನಿನ್ನ,
ಚನ್ನೇಶ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ನನ್ನ ತಮ್ಮ ಮಾಂತೇಶನ ಮದುವೆಯಲ್ಲಿ, ಅರುಣಾ ಎಂಟು ತಿಂಗಳ ಕೂಸಾಗಿದ್ದಾಗ, ಅವನ ಮೆರವಣಿಗೆಯ ಮುಂದೆ ನೀನು ಕುಣಿದೆ. ಕೂಸನ್ನು ಯಾರದೋ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಐರಣಿಯ ಊರಬಾಗಿಲ ಅಗಸೆಯಿಂದ ಮಂಟಪದವರೆಗೆ. ನಾನು ಎದುರಿಗೆ ಹಿಮ್ಮುಖವಾಗಿ ನಡೆಯುತ್ತ ಎಲ್ಲವನ್ನೂ ತೆಗೆದೆ. ಆಮೇಲೆ ಕ್ಯಾಸೆಟ್ ಮಾಡುವಾಗ ಕತ್ತರಿಸಿದೆ. ಹಿರಿಯರು ಏನಾದರೂ ಅಂದಾರು ಎಂದುಕೊಂಡೆ. ಯಾರೂ ಏನೂ ಅಂದಿರಲಿಲ್ಲ, ಕತ್ತರಿಸು ಎಂದು ಯಾರೂ ಹೇಳಿರಲಿಲ್ಲ. ಬ್ಯಾಂಡಿನವರಿಂದ ನೇರ ಊಟದ ಪಂಕ್ತಿಗೆ ಜೋಡಿಸಿದೆ. ಮನೆಮಂದಿಯೆಲ್ಲ ಕೂಡಿ ಅದನ್ನು ನೋಡಿದ ದಿನ ನೀನು ಮುಂದೆಯೇ ಬಂದು ಕೂತೆ. ಒಂದು ಮಾತೂ ಕೇಳಲಿಲ್ಲ, ಅಂದೂ, ಮುಂದೂ. ಅದಾದ ಮೇಲೆ ನೀನು ಕುಣಿದದ್ದನ್ನು ನಾನು ಕಂಡಿಲ್ಲ. ಈ ವಾರ ಹಳೆಯ ಟೇಪುಗಳನ್ನೆಲ್ಲ ತೆಗೆದು ಹುಡುಕಿದೆ. ಆ ಟೇಪು ಸಿಕ್ಕಿತು. ಅದರ ಮೇಲೆ ಆಗಲೇ ಬೇರೆ ಯಾರದೋ ಮದುವೆ ರೆಕಾರ್ಡ್ ಆಗಿದೆ. ನನ್ನ ಮಾತಿಗಾಗಿ ಕುಣಿಯಬೇಡ. ಅರುಣಾಳ ಹಟಕ್ಕೂ ಬೇಡ. ಒಂದನ್ನು ಮಾತ್ರ ತಿಳಿಯಬೇಕಾಗಿದೆ. ಊಟದ ಪಂಕ್ತಿ ಬಂದ ಮೇಲೂ ನೀನು ಎದ್ದು ಹೋಗಲಿಲ್ಲ, ಎಲೆಗೆ ಬಡಿಸುವುದನ್ನೂ, ಅಕ್ಷತೆಯನ್ನೂ, ಕಡೆಗೆ ಬರುವ ನಮಸ್ಕಾರದ ಅಕ್ಷರಗಳನ್ನೂ ನೋಡುತ್ತ ಕೂತೇ ಇದ್ದೆ. ಮುಂದೆ ಎಲ್ಲಾದರೂ ನಿನ್ನ ಕುಣಿತ ಬಂದೀತು ಎಂದು ಕಾಯುತ್ತಿದ್ದೆಯಾ, ಸುಚಿತ್ರಾ?