ಗೆರೆ ಸವೆದ ಬೆರಳು

ಶಿಡ್ಲಘಟ್ಟ, ೨೦೦೪

ಚಿರಂಜೀವಿ ತಮ್ಮ ಮುದ್ದಪ್ಪನಿಗೆ ಅಣ್ಣ ಮುನಿಶಾಮಪ್ಪನು ಅರಿಕೆ ಮಾಡುವುದೇನೆಂದರೆ,

ನೀನಿರುವ ವಿಳಾಸ ತಿಳಿಯದ ಕಾರಣ ಇದನ್ನು ಅಂಚೆಗೆ ಹಾಕುವಂತಿಲ್ಲ. ಆದಾಗ್ಯೂ ಬರೆಯುತ್ತಿರುವೆನು. ನಿನ್ನ ಮೇಲೆ ಹೊರಿಸಿದ್ದ ಸಾಹುಕಾರರ ಬೀರುವಿನ ಕಳವಿನ ಸಂಬಂಧ ಬೆಂಗಳೂರಿನಿಂದ ಬೆರಳಚ್ಚಿನ ವರದಿ ಬಂದಿದೆಯೆಂದು ದಫೇದಾರರು ಇಂದು ನನ್ನನ್ನು ಠಾಣೆಗೆ ಕರೆಸಿದರು.

"ಬೀರು ಮೇಲಿನ ಗುರುತಲ್ಲಿ ಗೆರೆ ನಿಚ್ಚಳವಾಗವೆ. ನಿಮ್ ತಮ್ಮನ ಬೆರಳಲ್ಲಿ ಗೆರೇನೇ ಇಲ್ಲ, ರೇಷ್ಮೆಗೂಡು ಬೇಯ್ಸೋ ನೀರಲ್ಲಿ ಸವೆದೋಗವೆ. ಅವನಲ್ಲ ಬಿಡಿ, ಯಜಮಾನ್ರೇ."

"ಅವತ್ತು ಅವನ ಬೆರಳಿಗೆ ಹೊಂದುತ್ತೆ ಅಂದೋರು ನೀವೇ ಅಲ್ವೇನಪ್ಪ?"

"ಅದು ಬರೀ ಕಣ್ಣಲ್ಲಿ ನೋಡಿ ಹೇಳಿದ್ದು."

ಅವರ ಅಂದಿನ ಆ ಮಾತನ್ನು ನಂಬಿ, ಜಾಮೀನಿನ ಮೇಲೆ ಬಂದ ನಿನ್ನನ್ನು ನಾನು ಒಳಗೆ ಕರೆಯಲಿಲ್ಲ. ಹೊಸ್ತಿಲಾಚೆ ನೀನು ಎರಡೂ ಕೈ ಚಾಚಿ ನಿಂತಿದ್ದೆ. ಕ್ಷಮೆ ಬೇಡುತ್ತಿರುವೆಯೆಂದು ಭಾವಿಸಿದ್ದೆನು. ಬೆರಳು ತೋರಿಸುತ್ತಿದ್ದೆಯೆಂಬುದು ಇಂದು ತಿಳಿದುಬಂದಿರುತ್ತದೆ.