ಮೇಳದಿಂದ ಹೊರಗೆ

ಮೆಗಾರಾ,
ಬೇಸಿಗೆಯ ಅಮಾವಾಸ್ಯೆಯ ಮರುದಿನ

ಟಿಸಿಯಾಸನ ಅಪ್ಪನಿಗೆ ಟಿಮಾರೆಟೆಯ ನಮಸ್ಕಾರ.

ನಿಮ್ಮ ಓಲೆ ಬಂತು. ಹದಿನೆಂಟು ತುಂಬಿದ ನಮ್ಮ ಮಗನನ್ನು ಪೌರನೆಂದು ಸೇರಿಸಿಕೊಳ್ಳಲು ಹಳ್ಳಿಯ ಸಭೆ ತಕರಾರು ತೆಗೆದಿದೆ, ಅವನ ಅಜ್ಜಿ, ಅಂದರೆ ನನ್ನ ತಾಯಿ, ಅಥೆನ್ಸಿನವಳೆಂದು ಹೇಳುವ ಸಾಕ್ಷಿ ಬೇಕು ಎಂದು ಬರೆದಿದ್ದೀರಿ. ಓದಿ ಮೊದಲು ನಗು ಬಂತು. ಆಮೇಲೆ ತುಂಬ ಹೊತ್ತು ಅತ್ತೆ.

ಈ ವಸಂತದಲ್ಲಿ ದಿಯೊನೀಸ ದೇವರ ಹಬ್ಬದ ನಾಟಕ ಸ್ಪರ್ಧೆಗೆ ಹಾಡಿ ಕುಣಿಯುವ ಒಂದು ಮೇಳವನ್ನು ನೀವು ಕಟ್ಟಿದಿರಿ. ಎದುರು ಮೇಳದ ಮುಂದಾಳು ನನ್ನ ತಮ್ಮ ಫಿಲಾಗ್ರ. ಅವನು ಹಾಡಿದರೆ ನಿಮ್ಮವರು ಗೆಲ್ಲುವುದಿಲ್ಲವೆಂದು ಊರಿಗೇ ಗೊತ್ತಿತ್ತು. ನೀವು ಅಧಿಕಾರಿಯ ಮುಂದೆ ನಿಂತು, "ಇವನ ತಾಯಿ ಪರದೇಶದವಳು ಸ್ವಾಮಿ, ಅವಳ ಮಾತಿನ ರಾಗ ಕೇಳಿದ್ರೇ ಗೊತ್ತಾಗ್ತಿತ್ತು. ಇಂಥವನನ್ನ ಊರ ಮುಂದೆ ಕುಣಿಸ್ತೀರಾ?" ಎಂದಿರಂತೆ. ಅದು ಲೆಮ್ನೋಸ್ ದ್ವೀಪದ ರಾಗ. ಅಲ್ಲಿ ನೆಲೆಸಿದ ಅಥೆನ್ಸಿನವರ ಮಗಳು ನಮ್ಮಮ್ಮ. ನಿಮಗದು ಗೊತ್ತಿತ್ತು. ನಮ್ಮ ಮದುವೆಯಲ್ಲಿ ಅವಳು ಹಾಡಿದಾಗ ಇನ್ನೊಂದು, ಇನ್ನೊಂದು ಎಂದು ಪೀಡಿಸಿದವರು ನೀವೇ.

ಅಧಿಕಾರಿ ಅವನನ್ನು ಮೇಳದಿಂದ ಹೊರಗೆ ಹಾಕಿದರು. ನಮ್ಮೂರಲ್ಲಿ ಮೇಳದಲ್ಲಿ ಕುಣಿಯುವುದೂ ಸಭೆಯಲ್ಲಿ ಕೈಯೆತ್ತುವುದೂ ಪೌರನಿಗೆ ಮಾತ್ರ. ಮೇಳಕ್ಕೆ ಸಲ್ಲದವನು ಸಭೆಗೂ ಸಲ್ಲ. ಹಬ್ಬ ಮುಗಿದ ಮೇಲೆ ಹಳ್ಳಿಯವರು ಮತ ಹಾಕಿ ಪೌರರ ಪಟ್ಟಿಯಿಂದ ಫಿಲಾಗ್ರನ ಹೆಸರನ್ನೇ ಹೊಡೆದುಹಾಕಿದರು. ನಿಮ್ಮ ತಲೆಗೆ ಗೆದ್ದವರ ಬಳ್ಳಿಯ ಕಿರೀಟ ಬಂತು. ನಾನು ಕೇಳಿದ್ದಕ್ಕೆ, "ಸ್ಪರ್ಧೆ ಅಂದ್ಮೇಲೆ ಇವೆಲ್ಲ ಇದ್ದದ್ದೇ ಕಣೇ, ಮನೆಗೆ ಯಾಕೆ ತರ್ತೀಯ?" ಅಂದಿರಿ. ನಾನು ತಮ್ಮನ ಜೊತೆ ಗಡಿ ದಾಟಿದೆ.

ಅವನೂ ನಾನೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅವನು ಪರದೇಶಿಯಾದರೆ ನಾನೂ ಪರದೇಶಿ, ನನ್ನ ಮಗನೂ ಪರದೇಶಿ. ಗೆಲ್ಲುವ ಆತುರದಲ್ಲಿ ನಿಮಗಿದು ಹೊಳೆಯಲಿಲ್ಲ. ಈಗ ಯಾರೋ ನಿಮ್ಮ ಮಾತನ್ನೇ ಎತ್ತಿ ನಿಮ್ಮ ಮಗನ ಮೇಲೆ ಎಸೆದಿದ್ದಾರೆ.

ಫಿಲಾಗ್ರ ಇಲ್ಲಿ ಬೇರೆಯವರ ಹೊಲದಲ್ಲಿ ಬೆಳ್ಳುಳ್ಳಿ ಕೀಳುತ್ತಾನೆ. ಹಾಡುವುದನ್ನು ಬಿಟ್ಟಿದ್ದಾನೆ. ನಿಮ್ಮ ಓಲೆಯನ್ನು ಅವನಿಗೆ ಓದಿ ಹೇಳಿದೆ. "ಪಾಪ, ಹುಡುಗ ಏನ್ ಮಾಡಿದಾನಕ್ಕ?" ಅಂದು ಎದ್ದುಹೋದ. ಅವನಷ್ಟು ಒಳ್ಳೆಯವಳು ನಾನಲ್ಲ.

ನಿಮ್ಮ ಹೆಂಡತಿ ಎಂದು ಬರೆಯಲು ಕೈ ಬರಲಿಲ್ಲ.

ಫಿಲಾಗ್ರನ ಅಕ್ಕ,
ಟಿಮಾರೆಟೆ

ತಾ.ಕ.: ಸಾಕ್ಷಿ ಇದ್ದಾರೆ. ಅಮ್ಮನ ಅಣ್ಣ ಹೆಗೆಸಿಪ್ಪ ಮಾವ ಲೆಮ್ನೋಸಿನಿಂದ ಬಂದಿಳಿದಿದ್ದಾರೆ, ಸಭೆಗೆ ಬರುತ್ತಾರೆ. ಮೊದಲು ಫಿಲಾಗ್ರನ ವಿಷಯ ಹೇಳಿ, ಆಮೇಲೆ ಮಗನದ್ದು ಹೇಳುತ್ತಾರೆ. ಎಲ್ಲ ಗೊತ್ತಿದ್ದೂ ಯಾಕೆ ಸುಳ್ಳು ಹೇಳಿದೆ ಎಂದು ಹಳ್ಳಿಯವರು ನಿಮ್ಮನ್ನು ಕೇಳುವಾಗ ಟಿಸಿಯಾಸ್ ಪಕ್ಕದಲ್ಲೇ ನಿಂತಿರುತ್ತಾನೆ. ಅಪ್ಪನಿಗೆ ನಿಜ ಗೊತ್ತಿರಲಿಲ್ಲ ಎಂದು ಅವನು ಇನ್ನೂ ನಂಬಿದ್ದಾನೆ.