ಉಡಿಯೊಳಗ ಬೀಜ ಇಡೂದಿಲ್ಲ

ದಡ್ಡಿ ಊರಿಂದ

ಮಗಳ ದಾಕ್ಷಾಯಿಣಿ, ಅವ್ವನ ಆಶೀರ್ವಾದ. ಕೂಸಿನ ಕೆಮ್ಮು ಹೋತೇನು?

ಹೋದ ವರ್ಷ ನಿಮ್ಮ ಪರಪ್ಪ ಕಾಕಾ ಯಾರ ಕಡೆಯಿಂದಲೋ ಹುಳ ಹತ್ತದ, ಕಚ್ಚಿದ ಹುಳ ಸಾಯೂವಂಥ ಬದನಿ ಬೀಜ ತಂದು ಹಚ್ಚಿದ್ದ. ಈಗ ಒಡ್ಡಿನ ಮ್ಯಾಲೆ ತಾನಾಗಿ ಹುಟ್ಟಿದ ಕಾಡುಬದನಿಯೊಳಗೂ ಹುಳ ಸತ್ತು ಬಿದ್ದಾವು.

"ಛಲೋ ಆತಲ್ಲ ವೈನಿ, ಪುಕ್ಕಟೆ ಔಷಧ!" ಅಂತ ನಗತಾನ. ಆದರ ಅಲ್ಲಿ ಕುಂತ ದುಂಬಿಗೋಳ ಆ ಹೂವಿನ ಪುಡಿ ಹೊತಗೊಂಡು ನನ್ನ ಜವಾರಿ ಬದನಿ ಹೂವಿನ ಮ್ಯಾಲೂ ಕುಂದರತಾವು. ಯಾವ ಬೀಜ ನಮ್ಮದು ಅಂತ ಗುರ್ತ ಹತ್ತವಲ್ದು.

ಪಂಚಮಿಗೆ ಬಾ. ಉಡಿ ತುಂಬತೇನಿ, ಆದರ ಈ ಸಲ ಅದರಾಗ ಬೀಜದ ಗಂಟು ಇಡೂದಿಲ್ಲ. ಮರೆತು ಇಟ್ಟರೂ ತಗೋಬ್ಯಾಡ. ನಿನ್ನ ಮದುವ್ಯಾಗ ಕೊಟ್ಟ ನಮ್ಮವ್ವನ ಬದನಿ ಬೀಜ ನಿನ್ನ ಗಂಡನ ಊರು ಕಲ್ಲೋಳ್ಯಾಗ ವರ್ಷಾ ಹಚ್ಚತಿಯಲ್ಲ, ಅದನ್ನ ಇಲ್ಲಿಗೆ ತರಬ್ಯಾಡ. ನಾನ ಅತ್ತು ಬೇಡಿದರೂ ಕೊಡಬ್ಯಾಡ.

ನಿಮ್ಮವ್ವ,
ಕೆಂಚವ್ವ